ಕೊಕ್ಕರೆ ಜೌಗಿನ ಮೇಲಿನ ಹೆಪ್ಪು

ನಮ್ಮ ತೊರ್ನಿಯೊ ಕಣಿವೆಯಲ್ಲಿ ಯಾವ ಮನೆಗೆ ಹೋದರೂ ಮೆಟ್ಟಿಲ ಪಕ್ಕದ ಗೋಡೆಗೆ ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಎರಡು ಬಗೆಯ ಸ್ಕೀ ಹಲಗೆಗಳು ಒರಗಿರುತ್ತವೆ. ಒಂದು ಸಪೂರ ಜೋಡಿ, ಉದ್ದ, ನಾಲಗೆಯ ಹಾಗೆ ನುಣುಪು. ಇನ್ನೊಂದು ಅಗಲ ಜೋಡಿ, ಗಿಡ್ಡ, ನೋಡಲು ಮೊದ್ದು. ಗಟ್ಟಿ ಹಿಮಕ್ಕೆ ಸಪೂರ, ಸಡಿಲ ಹಿಮಕ್ಕೆ ಅಗಲ. ಇದನ್ನು ಮಗುವಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಮನೆ ಬಿಡುವಾಗ ಇದ್ದ ಹಿಮ ಗುರಿ ಮುಟ್ಟುವಾಗಲೂ ಹಾಗೆಯೇ ಇರುತ್ತದೆಯೇ ಎಂಬುದನ್ನು ಮಾತ್ರ ಅದನ್ನು ಸುರಿಸುವವನೇ ಬಲ್ಲ.

ರೇಡಿಯೋ ಇನ್ನೂ ಪಾದ್ರಿಯವರ ಮನೆಗೆ ಮಾತ್ರ ಬಂದಿದ್ದ ಕಾಲ. ಮಾರ್ಚ್ ಕೊನೆಯಲ್ಲಿ ಬರುವ ಮರಿಯಳ ಹಬ್ಬ ಕಳೆದು ಕೆಲವು ದಿನಗಳಾಗಿದ್ದವು. ಹಗಲಿನ ಬಿಸಿಲಿಗೆ ಹಿಮದ ಮೈ ಕರಗುವುದು, ರಾತ್ರಿಯ ಚಳಿಗೆ ಅದೇ ಮೈ ಹಾಲು ಹೆಪ್ಪಾದಂತೆ ಬಿಗಿದುಕೊಳ್ಳುವುದು, ಇದು ಆ ದಿನಗಳ ಪಾಡು. ಆ ಹೆಪ್ಪಿನ ಮೇಲೆ ಸಪೂರ ಸ್ಕೀ ಕಟ್ಟಿಕೊಂಡವನಿಗೆ ದಾರಿ ಬೇಕಿಲ್ಲ. ಕಾಡು, ಕೆರೆ, ಜೌಗು, ಬೇಲಿ ಎಲ್ಲದರ ಮೇಲೂ ಸೀದಾ ಹೋಗಿಬಿಡಬಹುದು.

ಹಾಗೆ ಸೀದಾ ಬಂದವನು ಪಾಲೊವಾರದ ಈಸಾಕ್ಕಿ. ಬೆಳಗಿನ ಕಾಫಿ ಒಲೆಯ ಮೇಲಿರುವಾಗಲೇ ನೂತಿಯ ಮನೆಯ ಬಾಗಿಲು ತಳ್ಳಿಕೊಂಡು ಒಳಗೆ ಬಂದ. ನೂತಿ ನಮ್ಮೂರಿಗೆಲ್ಲ ಸ್ಕೀ ಮಾಡಿಕೊಡುವ ಮುದುಕ. ಅವನ ಮನೆಯ ಹಿಂದಿನ ಕೋಣೆಯಲ್ಲಿ ಸೂಲಗಿತ್ತಿ ಹುಲ್ದಾ ಬಾಡಿಗೆಗಿದ್ದಳು.

"ದೇವರ ಸಮಾಧಾನ, ನೂತಿಯಣ್ಣ," ಎಂದು ಈಸಾಕ್ಕಿ ಮುದುಕನ ಕೈ ಹಿಡಿದ. ಪ್ರಾರ್ಥನೆಯ ಮನೆಗೆ ಸೇರಿದ ನಾವೆಲ್ಲ ಒಬ್ಬರಿಗೊಬ್ಬರು ಅಣ್ಣ, ಅಕ್ಕ. ಎಲ್ಲಿ ಸಿಕ್ಕರೂ ಮೊದಲು ಈ ಮಾತು, ಆಮೇಲೆ ಮಿಕ್ಕದ್ದು. ಆದರೆ ಅವನು ಹುಲ್ದಾಳ ಕಡೆ ತಿರುಗಿದಾಗ ಆ ಮಾತು ಬರಲಿಲ್ಲ, ಕೈಯೂ ಚಾಚಲಿಲ್ಲ.

"ಲೊವೀಸಾಗೆ ನೋವು ಶುರುವಾಗಿದೆ. ಹೊರಡಿ," ಎಂದ. ಲೊವೀಸಾ ಅವನ ಹೆಂಡತಿ.

ಎರಡು ಚಳಿಗಾಲಗಳ ಹಿಂದೆಯೂ ಅವನು ಹೀಗೆಯೇ ಬಂದಿದ್ದ. ಆಗ ಜನವರಿ. ಹಿಟ್ಟು ಜರಡಿ ಹಿಡಿದಂಥ ಹೊಸ ಹಿಮ. ಹುಲ್ದಾ ಅಗಲ ಜೋಡಿ ಕಟ್ಟಿಕೊಂಡು ಕಾಡಿನ ನೇರ ದಾರಿ ಹಿಡಿದಿದ್ದಳು. ಹೆಪ್ಪುಗಟ್ಟಿದ ಹೊಳೆಯ ಮೇಲಿನ ಬಂಡಿದಾರಿಯಲ್ಲಿ ಸುತ್ತಿ ಹೋಗೋಣ, ಅಲ್ಲಿ ಕುದುರೆ ತುಳಿದು ಗಟ್ಟಿಯಾಗಿದೆ, ಸಪೂರ ಜೋಡಿ ಓಡುತ್ತದೆ ಎಂದು ಈಸಾಕ್ಕಿ ಹೇಳಿದ್ದ. ಅವಳು ಕೇಳಿರಲಿಲ್ಲ. ತಲುಪುವಷ್ಟರಲ್ಲಿ ಮಗು ಹೋಗಿಬಿಟ್ಟಿತ್ತು. ಲೊವೀಸಾ ಬದುಕಿದಳು. ಯಾವ ದಾರಿಯಲ್ಲಿ ಹೋಗಿದ್ದರೆ ಏನಾಗುತ್ತಿತ್ತೋ ಯಾರೂ ಹೇಳಲಾರರು. ಆದರೆ ಆವತ್ತಿನಿಂದ ಈಸಾಕ್ಕಿ ಪ್ರಾರ್ಥನೆಯ ಮನೆಯಲ್ಲಿ ಹುಲ್ದಾ ಕೂತ ಬೆಂಚಿಗೆ ಬೆನ್ನು ಮಾಡಿ ಕೂರುತ್ತಿದ್ದ. ಊರಿಗೆ ಅದು ಕಾಣುತ್ತಿತ್ತು, ಊರು ಸುಮ್ಮನಿತ್ತು.

ಹುಲ್ದಾ ಚರ್ಮದ ಚೀಲ ತೆಗೆದುಕೊಂಡು ಅಂಗಳಕ್ಕೆ ಬಂದಳು. ಊರುಗೋಲಿನ ತುದಿಯಿಂದ ಹಿಮಕ್ಕೆ ಕುಟ್ಟಿದಳು. ಟಣ್ ಎಂದಿತು. ತಲೆಯೆತ್ತಿ ನೂತಿಯ ಚಿಮಣಿಯ ಹೊಗೆ ನೋಡಿದಳು. ಹೊಗೆ ನೆಟ್ಟಗೆ ಏರಿ, ಮೇಲೆ ಹೋದ ಮೇಲೆ ಬಡಗಣಕ್ಕೆ ಬಾಗುತ್ತಿತ್ತು.

"ಮೇಲೆ ತೆಂಕಣ ಗಾಳಿ ಎದ್ದಿದೆ. ಕೆಳಗೆ ಇಳಿಯೋಕೆ ಹೆಚ್ಚು ಹೊತ್ತು ಬೇಡ. ಎರಡೂ ಜೋಡಿ ತಗೊಂಡು ಹೋಗೋಣ," ಎಂದಳು.

"ಭಾರ ಯಾಕೆ? ಈಗ ತಾನೇ ಬಂದಿದೀನಲ್ಲ, ಹಿಮ ಮೇಜಿನ ಹಾಗಿದೆ. ಮರಿಯಳ ಹಬ್ಬ ಕಳೀತು. ಇನ್ನು ಹೆಪ್ಪು ಮಧ್ಯಾಹ್ನದ ತನಕ ಕೈಬಿಡಲ್ಲ."

ಇದು ನಮ್ಮ ಕಡೆಯ ಹಳೆಯ ಮಾತು. ಸುಳ್ಳಲ್ಲ. ಆದರೆ ಹಳೆಯ ಮಾತು ಹೇಳಿದವರು ಬಡಗಣ ಗಾಳಿಯ ದಿನ ನೋಡಿ ಹೇಳಿದ್ದರು.

ನೂತಿ ತನ್ನ ಅಗಲ ಜೋಡಿಯನ್ನೂ ಹುಲ್ದಾಳದನ್ನೂ ಒಟ್ಟು ಮಾಡಿ ಹಗ್ಗ ಬಿಗಿಯತೊಡಗಿದ. "ಎಳ್ಕೊಂಡು ಹೋಗು ಮಾರಾಯ. ಹೆಂಗಸಿನ ಮಾತು ಒಂದಿನ ಕೇಳಿದ್ರೆ ಗಡ್ಡ ಉದುರಿಹೋಗಲ್ಲ. ಬೇಕಾಗೋದು ನಿನಗೇ ನೋಡು. ಈಯಮ್ಮನಿಗೆ ಯಾವ ಹಿಮವೂ ಒಂದೇ, ಅಷ್ಟು ಹಗುರ. ಇವಳ ಸ್ಕೀ ಮಾಡುವಾಗ ಹಲಗೆ ಮೇಲೆ ನಿಲ್ಲಿಸಿದ್ರೆ ಹಲಗೆ ಬಗ್ಗಲೇ ಇಲ್ಲ! ಕೋಟು ಹಾಕ್ಕೋ ಅಂದೆ, ಹಾಕ್ಕೊಂಡ್ಳು. ಚೀಲ ಹಿಡ್ಕೋ ಅಂದೆ, ಹಿಡ್ಕೊಂಡ್ಳು. ಊಹ್ಞೂಂ. ಕೊನೆಗೆ ನಮ್ಮನೆ ಕರೂನ ತೋಳಿಗೆ ಕೊಟ್ಟೆ, ಆಗ ಚೂರು ಬಗ್ಗಿತು."

"ಆ ಕರು ನನ್ನ ಕೋಟಿನ ಮೇಲೆಲ್ಲ ಉಚ್ಚೆ ಹೊಯ್ತಲ್ಲ, ಅದನ್ನೂ ಹೇಳು," ಎಂದಳು ಹುಲ್ದಾ.

ನೂತಿ ನಕ್ಕ. ಈಸಾಕ್ಕಿ ನಗಲಿಲ್ಲ. ಕಟ್ಟಿನ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಹೊರಟೇಬಿಟ್ಟ.

ಮೊದಲ ದಾರಿ ಸುಖವಾಗಿತ್ತು. ಸೂರ್ಯ ಮೋಡದ ಹಿಂದೆ ಹಾಲಿನ ಬಟ್ಟಲಿನಂತೆ ಕಾಣುತ್ತಿದ್ದ. ಸಪೂರ ಹಲಗೆಗಳು ಹೆಪ್ಪಿನ ಮೇಲೆ ಸರ್ ಸರ್ ಎಂದು ಹಾಡುತ್ತಿದ್ದವು. ಏರಿನಲ್ಲಿ ಹುಲ್ದಾ ಹಿಂದೆ ಬೀಳುತ್ತಿದ್ದಳು, ಈಸಾಕ್ಕಿ ನಿಂತು ಕಾಯುತ್ತಿದ್ದ, ಅವಳು ಹತ್ತಿರ ಬಂದ ಕೂಡಲೇ ಹೊರಡುತ್ತಿದ್ದ. ಇಳಿಜಾರಿನಲ್ಲಿ ಮಾತ್ರ ಬೇರೆ ಕಥೆ. ಎಳೆದು ತರುತ್ತಿದ್ದ ಕಟ್ಟು ಅವನಿಗಿಂತ ಜೋರಾಗಿ ಜಾರಿ ಬಂದು ಹಿಮ್ಮಡಿಗೆ ಬಡಿಯುತ್ತಿತ್ತು. ಒಂದು ಸಲ ಬಡಿಯಿತು, ಬೈದುಕೊಂಡ. ಇನ್ನೊಂದು ಸಲ ಬಡಿದಾಗ ಮುಗ್ಗರಿಸಿ ಮುಖ ಅಡಿಯಾಗಿ ಬಿದ್ದ. ಎದ್ದಾಗ ಗಡ್ಡದ ತುಂಬ ಹಿಮ, ತುಟಿಯಲ್ಲಿ ರಕ್ತ.

ಕಾಡು ಮುಗಿದು ಕೊಕ್ಕರೆ ಜೌಗು ಶುರುವಾಗುವ ಅಂಚಿನಲ್ಲಿ ಒಂದು ದೊಡ್ಡ ಪೈನ್ ಮರವಿದೆ. ಅವನು ಅಲ್ಲಿ ಕಟ್ಟಿನ ಹಗ್ಗ ಬಿಚ್ಚಿ ಸೊಂಟಕ್ಕೇ ಸುತ್ತಿಕೊಂಡು, ಅಗಲ ಜೋಡಿಗಳನ್ನು ಮರದ ಕವಲಿಗೆ ಏರಿಸಿದ. ನಮ್ಮಲ್ಲಿ ಇದು ಹೊಸದಲ್ಲ. ಬೇಡದ್ದನ್ನು ಮರಕ್ಕೆ ತೂಗುಹಾಕಿ ಹೋಗುತ್ತೇವೆ, ಬರುವಾಗ ತೆಗೆದುಕೊಳ್ಳುತ್ತೇವೆ. ಯಾರೂ ಮುಟ್ಟುವುದಿಲ್ಲ.

ಹುಲ್ದಾ ಹಿಂದಿನಿಂದ ಬಂದು ನೋಡಿದಳು. "ಅದನ್ನ ಅಲ್ಲಿ ಬಿಡ್ಬೇಡಪ್ಪ. ಜೌಗಿನ ಮೇಲೇ ಅದು ಬೇಕಾಗೋದು."

"ಹೋದ ಸಲ ನಿಮ್ಮ ಅಗಲ ಜೋಡಿನ ನಂಬಿ ಏನಾಯ್ತು ಅಂತ ನೋಡಿದೀನಿ," ಎಂದ ಈಸಾಕ್ಕಿ.

ಎರಡು ವರ್ಷದಿಂದ ಅದೇ ಮಾತು ಅವಳ ಜೊತೆಯಲ್ಲೇ ಮಲಗಿ ಏಳುತ್ತಿತ್ತು. ತಾನೇ ಕಟ್ಟು ಇಳಿಸಿ ಎಳೆದುಕೊಂಡು ಬರಬಹುದಿತ್ತು. ಬರಲಿಲ್ಲ. ಅವನ ಹಿಂದೆಯೇ ಜೌಗಿಗೆ ಇಳಿದಳು.

ಕೊಕ್ಕರೆ ಜೌಗು ಬೋಳು ಬಯಲು. ಅಲ್ಲೊಂದು ಇಲ್ಲೊಂದು ಕುಳ್ಳ ಮರಗಳ ದಿಬ್ಬ ಬಿಟ್ಟರೆ ಕಣ್ಣಿಗೆ ತಡೆಯಿಲ್ಲ. ಆಚೆ ದಡದ ಗುಡ್ಡದ ಮೇಲೆ ಪಾಲೊವಾರದ ಮನೆ. ಪಕ್ಕದಲ್ಲಿ ಸೌನಾ, ಹಬೆಸ್ನಾನದ ಗುಡಿಸಲು. ಅದರ ಹೊಗೆ ಕಾಣುತ್ತಿತ್ತು. ನಮ್ಮ ಹೆಂಗಸರು ಹೆರುವುದು ಸೌನಾದಲ್ಲಿಯೇ. ಬೆಚ್ಚಗೆ, ಶುಚಿಯಾಗಿ, ಬಿಸಿನೀರು ಕೈಗೆಟುಕುವಂತೆ ಇರುತ್ತದೆ. ಹೊಗೆ ಕಂಡದ್ದೇ ಈಸಾಕ್ಕಿಯ ಕಾಲಿಗೆ ರೆಕ್ಕೆ ಬಂತು.

ಅರ್ಧಕ್ಕಿಂತ ಹೆಚ್ಚು ದಾಟಿದ್ದರು. ಮೋಡ ಹರಿದು ಬಿಸಿಲು ಬಿತ್ತು. ತೆಂಕಣ ಗಾಳಿ ಕೆನ್ನೆಗೆ ತಾಗಿತು. ಕೊಟ್ಟಿಗೆಯ ಬಾಗಿಲು ತೆರೆದಾಗ ಬರುವಂಥ ಬೆಚ್ಚಗಿನ ಗಾಳಿ. ಹಲಗೆಗಳ ಹಾಡು ನಿಂತುಹೋಗಿದ್ದನ್ನು ಹುಲ್ದಾ ಮೊದಲು ಗಮನಿಸಿದಳು. ಈಗ ಅವು ಪಿಚಪಿಚ ಎನ್ನುತ್ತಿದ್ದವು. ಆಮೇಲೆ ದೂರದಲ್ಲೆಲ್ಲೋ ಉಸ್ಸ್ ಎಂಬ ಸದ್ದು, ದೊಡ್ಡ ದನವೊಂದು ನಿಟ್ಟುಸಿರು ಬಿಟ್ಟು ಮಲಗಿದಂತೆ. ಜೌಗು ಉಸಿರು ಬಿಟ್ಟಿತು ಎನ್ನುತ್ತಾರೆ ಹಿರಿಯರು. ಹೆಪ್ಪು ಒಳಗಿನಿಂದ ಕಳಚಿಕೊಳ್ಳುವ ಸದ್ದು ಅದು.

"ಈಸಾಕ್ಕಿ, ನಿಲ್ಲು!"

ಅವನು ನಿಲ್ಲುವ ಮೊದಲೇ ಕಾಲಡಿಯ ಹೆಪ್ಪು ಒಡೆಯಿತು. ತೊಡೆಯವರೆಗೆ ಇಳಿದ. ಸಪೂರ ಹಲಗೆಗಳು ಒಳಗೆ ಹೋಗಿ, ಮೇಲಿನ ಚಕ್ಕೆಗಳ ಕೆಳಗೆ ಸಿಕ್ಕಿಕೊಂಡವು. ಒಂದು ಕಾಲು ಎತ್ತಲು ಹೋದರೆ ಇನ್ನೊಂದು ಮತ್ತಷ್ಟು ಕೆಳಗೆ. ಬೂಟಿನೊಳಗೆ ಜೌಗಿನ ನೀರು ಬಂತು.

ಹುಲ್ದಾ ಅವನತ್ತ ಎರಡು ಹೆಜ್ಜೆ ಇಟ್ಟಳು. ಅವಳ ಕೆಳಗೂ ಹೆಪ್ಪು ಸಣ್ಣಗೆ ನರಳಿತು.

"ಹತ್ತಿರ ಬರಬೇಡಿ! ಇಬ್ಬರೂ ಹೋಗ್ತೀವಿ!" ಎಂದು ಅವನು ಕೂಗಿದ.

ಅವಳು ನಿಂತಳು. ನಿಂತೇ ಇದ್ದಳು. ಹೆಪ್ಪು ನರಳಿತಾದರೂ ಒಡೆಯಲಿಲ್ಲ. ಇಬ್ಬರೂ ಒಟ್ಟಿಗೇ ಅದನ್ನು ಕಂಡರು. ಅದೇ ಜೌಗು, ಅದೇ ಹಿಮ, ಒಂದೇ ಅಗಲದ ಹಲಗೆ. ಅವನನ್ನು ನುಂಗಿದ್ದು ಅವಳನ್ನು ಹೊತ್ತುಕೊಂಡಿತ್ತು.

"ನಿನ್ನ ಕೈಲಿ ಆಗುತ್ತಾ ಬರೋಕೆ?" ಎಂದಳು.

ಅವನು ಮತ್ತೊಮ್ಮೆ ಕಾಲು ಕಿತ್ತು ನೋಡಿದ. ಮುಂದಿನ ಹೆಜ್ಜೆಗೂ ಹೆಪ್ಪು ಮುರಿಯಿತು. "ಇಲ್ಲ," ಎಂದ. ಹಿಂದಿರುಗಿ ಕಾಡಿನಂಚಿನ ಪೈನ್ ಮರದ ಕಡೆ ನೋಡಿದ. ಮರ ಹೆಬ್ಬೆರಳಿನಷ್ಟು ಕಾಣುತ್ತಿತ್ತು. "ಅದನ್ನ ಅಲ್ಲಿ ಬಿಟ್ಟುಬಂದೆ. ನೀವು ಹೇಳಿದ್ರಿ."

"ಈಗ ಮರದ ಮಾತು ಬೇಡ. ಸೊಂಟದ ಹಗ್ಗ ಬಿಚ್ಚಿ ಎಸಿ ಇಲ್ಲಿ."

ಎಸೆದ. ಅವಳು ಬೆನ್ನಿನ ಚೀಲ ಇಳಿಸಿ ಹಗ್ಗದ ತುದಿಗೆ ಕಟ್ಟಿದಳು. ಚೀಲದ ಭಾರ ತನ್ನ ಮೈಮೇಲಿರದೆ ಹಿಂದೆ ದೂರದಲ್ಲಿ ಹಿಮದ ಮೇಲೆ ಜಾರಿಕೊಂಡು ಬರಲಿ ಎಂದು. ಕತ್ತರಿ, ದಾರ, ಸಣ್ಣ ಸೀಸೆ ಇವಿಷ್ಟನ್ನು ಮಾತ್ರ ತೆಗೆದು ರವಿಕೆಯೊಳಗೆ ಸೇರಿಸಿಕೊಂಡಳು. ಚೀಲ ಹೋದರೂ ಇವು ಉಳಿಯಲಿ.

ಆಗ ಈಸಾಕ್ಕಿ ಕರೆದ. "ಹುಲ್ದಕ್ಕಾ."

ಎರಡು ವರ್ಷದಲ್ಲಿ ಮೊದಲ ಸಲ ಕೇಳಿದ ಮಾತು. ಅವಳು ಚೀಲದ ಬಾಯಿ ಬಿಗಿಯುತ್ತಿದ್ದ ಕೈ ನಿಲ್ಲಿಸಿದಳು.

"ನಿಮ್ಮ ಮೇಲೆ ಮನಸಲ್ಲಿ ಕಲ್ಲು ಇಟ್ಕೊಂಡಿದ್ದೆ. ಪ್ರಾರ್ಥನೆ ಮಾಡುವಾಗಲೂ ಇಟ್ಕೊಂಡಿದ್ದೆ. ಈಗ ಆ ಕಲ್ಲು ಹೊತ್ಕೊಂಡೇ ನೀವು ಅವಳ ಹತ್ರ ಹೋಗೋದು ಬೇಡ. ಕ್ಷಮಿಸ್ತೀರಾ?"

ನಮ್ಮಲ್ಲಿ ಕ್ಷಮೆ ಕೇಳಿದವನ ಕೊರಳಿಗೆ ತೋಳು ಹಾಕಿ ಉತ್ತರ ಹೇಳಬೇಕು. ದೂರದಿಂದ ಹೇಳಿದ್ದು ಲೆಕ್ಕಕ್ಕಿಲ್ಲ ಎಂದು ಕೆಲವರು ವಾದ ಮಾಡುವುದೂ ಉಂಟು. ಇಲ್ಲಿ ಕೊರಳು ಎಲ್ಲಿ, ತೋಳು ಎಲ್ಲಿ. ಹುಲ್ದಾ ಹಿಮದ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ತನ್ನ ಊರುಗೋಲನ್ನು ಮುಂದಕ್ಕೆ ಚಾಚಿದಳು. ಅವನೂ ತನ್ನದನ್ನು ಚಾಚಿದ. ಕೋಲಿನ ತುದಿಗೆ ಕೋಲಿನ ತುದಿ ತಾಗಿತು.

"ಯೇಸುವಿನ ಹೆಸರಲ್ಲಿ, ಅವನ ರಕ್ತದಲ್ಲಿ, ನಿನ್ನದೆಲ್ಲ ಕ್ಷಮೆಯಾಗಿದೆ, ತಮ್ಮಾ. ನಂಬು," ಎಂದಳು. ಎದ್ದು ಹೋಗಬೇಕಿತ್ತು, ಹೋಗಲಿಲ್ಲ. "ನನ್ನನ್ನೂ ಕ್ಷಮಿಸು. ಅವತ್ತು ಹೊಳೆ ದಾರಿ ಹಿಡಿದಿದ್ರೆ ಬೇಗ ಬರ್ತಿದ್ನೋ ಏನೋ. ಇವತ್ತಿಗೂ ನಂಗೆ ಗೊತ್ತಿಲ್ಲ."

ಇಷ್ಟು ದಿನ ಈಸಾಕ್ಕಿ ಗೋಡೆಗೆ ಗುದ್ದುತ್ತಿದ್ದ. ಗೋಡೆಯ ಆಚೆಯಿಂದಲೂ ಯಾರೋ ಗುದ್ದುತ್ತಿದ್ದದ್ದು ಅವನಿಗೆ ತಿಳಿದಿರಲಿಲ್ಲ. "ಕ್ಷಮೆಯಾಗಿದೆ ಅಕ್ಕಾ," ಎಂದ. "ಅದೇ ಹೆಸರಲ್ಲಿ. ಹೋಗಿ, ಬೇಗ ಹೋಗಿ."

"ನೀನು ಆ ದಿಬ್ಬಕ್ಕೆ ತೆವಳ್ಕೊಂಡು ಹೋಗು. ಒದ್ದೆ ಕಾಲು ಒಣಗಿಸ್ಕೋ. ಸಂಜೆ ಹೆಪ್ಪು ಕಟ್ಟೋ ತನಕ ಅಲ್ಲಾಡಬೇಡ, ಕೇಳಿಸ್ತಾ? ಅತ್ತ ಮಗು ಹಿಡಿಯೋದಾ, ಇತ್ತ ನಿನ್ನ ಹೆಣ ಹುಡುಕೋದಾ ನಾನು?"

ಹೀಗೆ ಬೈದು ಹೊರಟಳು. ಹೆಜ್ಜೆ ಎತ್ತಲಿಲ್ಲ, ಹಲಗೆಗಳನ್ನು ಒಂದರ ನಂತರ ಒಂದು ಮುಂದಕ್ಕೆ ತಳ್ಳಿದಳು, ಮಲಗಿದ ಮಗು ಏಳದಂತೆ ಕೋಣೆ ದಾಟುವವಳ ಹಾಗೆ. ಹಿಂದೆ ಉದ್ದ ಹಗ್ಗ, ಅದರ ತುದಿಯಲ್ಲಿ ಚೀಲ. ಕುಳ್ಳ ಮರಗಳ ನೆರಳು ಬಿದ್ದಲ್ಲೆಲ್ಲ ಆ ನೆರಳನ್ನೇ ಹಿಡಿದು ನಡೆದಳು. ಬಿಸಿಲು ಕಾಣದ ಹಿಮ ಇನ್ನೂ ಗಟ್ಟಿ. ನಡುವೆ ಒಂದು ಕಡೆ ಅವಳು ಕುಸಿದಂತೆ ಕಂಡಿತು. ಈಸಾಕ್ಕಿ ಕಣ್ಣು ಮುಚ್ಚಿದ. ತೆರೆದಾಗ ಅವಳು ಅಂಬೆಗಾಲಿಟ್ಟು ಮುಂದೆ ಹೋಗುತ್ತಿದ್ದಳು, ಹಲಗೆಗಳನ್ನು ಕೈಯಲ್ಲಿ ಹಿಡಿದು. ಮತ್ತೆ ಎದ್ದಳು. ಮತ್ತೆ ಜಾರಿದಳು. ಕೊನೆಗೆ ಆಚೆ ದಡದ ಕಾಡಿನ ಕಪ್ಪಿನಲ್ಲಿ ಸೇರಿಹೋದಳು. ಅವಳ ಹಿಂದೆ ಚೀಲವೂ ಸೇರಿಹೋಯಿತು.

ಅವನು ಹಲಗೆ ಬಿಚ್ಚಿ, ಅವನ್ನೇ ಅಂಗೈ ಕೆಳಗೆ ಹಾಸಿಕೊಂಡು ದಿಬ್ಬಕ್ಕೆ ತೆವಳಿದ. ಒಣ ಕಡ್ಡಿ ಮುರಿದು ಬೆಂಕಿ ಮಾಡಿದ. ಬೂಟು ಕಳಚಿ, ಬೆಚ್ಚಗಿರಲೆಂದು ಅದರೊಳಗೆ ತುಂಬಿದ್ದ, ಈಗ ಒದ್ದೆಯಾದ ಹುಲ್ಲು ಹಿಂಡಿ ಒಣಗಲಿಟ್ಟ. ಜೇಬಿನಲ್ಲಿ ಲೊವೀಸಾ ಬೆಳಿಗ್ಗೆ ಇಟ್ಟುಕೊಟ್ಟ ಬಾರ್ಲಿ ರೊಟ್ಟಿಯೂ ಒಣಗಿದ ಹಿಮಸಾರಂಗದ ಮಾಂಸವೂ ಇದ್ದವು. ನೋವು ತಿನ್ನುತ್ತಿದ್ದಾಗ ಅವಳು ಗೋಡೆ ಹಿಡಿದು ನಿಂತು ಕಟ್ಟಿಕೊಟ್ಟದ್ದು. ಒಂದು ತುಂಡು ಬಾಯಿಗಿಟ್ಟ, ಇಳಿಯಲಿಲ್ಲ, ಮತ್ತೆ ಜೇಬಿಗೆ ಹಾಕಿದ.

ಮಾಡಲು ಏನೂ ಇಲ್ಲದಿದ್ದದ್ದೇ ಅವನಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಮರ ಕಡಿ ಎಂದಿದ್ದರೆ ಕಾಡನ್ನೇ ಕಡಿಯುತ್ತಿದ್ದ. ಓಡು ಎಂದಿದ್ದರೆ ಎದೆ ಒಡೆಯುವ ತನಕ ಓಡುತ್ತಿದ್ದ. ಕೂತಿರು ಎಂದಿದ್ದಳು. ಎದುರಿನ ಗುಡ್ಡದಲ್ಲಿ ತನ್ನ ಮನೆ ಕಾಣುತ್ತಿದೆ, ಸೌನಾದ ಹೊಗೆ ಏಳುತ್ತಿದೆ, ಅದರ ಕೆಳಗೆ ಏನಾಗುತ್ತಿದೆಯೋ ತಿಳಿಯದು. ಒಂದು ಸಲ ತಾಳಲಾರದೆ ಎದ್ದು ದಿಬ್ಬದಿಂದ ಕೆಳಗೆ ಕಾಲಿಟ್ಟ. ಸೊಂಟದವರೆಗೆ ಹೋದ. ಮರದ ಬೇರು ಹಿಡಿದು ಮತ್ತೆ ಮೇಲೆ ಹತ್ತಿ, ಮಕ್ಕಳ ಹಾಗೆ ಅತ್ತ.

ಅತ್ತು ಮುಗಿದ ಮೇಲೆ ಪ್ರಾರ್ಥನೆ ಮಾಡಿದ. ಮೊದಲು ಕೇಳಿಕೊಂಡ, ಆಮೇಲೆ ಚೌಕಾಶಿ ಮಾಡಿದ, ಆಮೇಲೆ ಕೇಳಲು ಮಾತೂ ಉಳಿಯಲಿಲ್ಲ. ಹೋದ ಮಗುವಿಗೆ ಹೆಸರಿಡುವಷ್ಟು ಹೊತ್ತೂ ಸಿಕ್ಕಿರಲಿಲ್ಲ. ಈ ಎರಡು ವರ್ಷ ಅದನ್ನು ನೆನೆದಾಗಲೆಲ್ಲ ಅವನು ಹುಲ್ದಾಳ ಅಗಲ ಹಲಗೆಗಳನ್ನು ನೆನೆದಿದ್ದ, ಮಗುವಿನ ಮುಖವನ್ನಲ್ಲ. ಸಿಟ್ಟು ಅಷ್ಟು ಜಾಗ ತುಂಬಿಕೊಂಡಿತ್ತು. ಈಗ ಬಯಲಿನ ನಡುವೆ ಒಬ್ಬನೇ ಕೂತಾಗ ಆ ಮುಖ ಬಂತು. ಸಣ್ಣ ಹುಬ್ಬು, ಲೊವೀಸಾಳ ಗಲ್ಲ. ಅವನು ಬಹಳ ಹೊತ್ತು ಅದನ್ನೇ ನೋಡುತ್ತ ಕೂತ.

ಬಿಸಿಲು ಇಳಿಯಿತು. ತೆಂಕಣ ಗಾಳಿ ಬಂದ ಹಾಗೆಯೇ ಹೇಳದೆ ಹೋಯಿತು. ಆಕಾಶ ತೊಳೆದ ಬಟ್ಟಲಾಯಿತು, ಚಳಿ ಕಿವಿ ಹಿಡಿಯಿತು. ಈಸಾಕ್ಕಿ ಊರುಗೋಲಿನಿಂದ ಹಿಮ ಕುಟ್ಟಿ ನೋಡಿದ. ಪಿಚ್ ಎಂದಿತು. ಒಂದು ಕಟ್ಟು ಕಡ್ಡಿ ಉರಿದು ಮುಗಿಯುವ ತನಕ ತಡೆದ. ಕುಟ್ಟಿದ. ಕರಕ್ ಎಂದಿತು. ಕಾಲು ಓಡು ಎನ್ನುತ್ತಿತ್ತು. ಆದರೂ ಕೂತ. ಬೂಟಿಗೆ ಒಣಗಿದ ಹುಲ್ಲು ತುಂಬಿ, ಲಾಡಿ ಬಿಗಿದು, ಹಲಗೆಗಳ ಅಡಿಗೆ ಅಂಟಿದ ಮಂಜು ಕೆರೆದು, ಮತ್ತೂ ಕೂತ. ಮತ್ತೆ ಕುಟ್ಟಿದಾಗ ಕೋಲು ಟಣ್ ಎಂದು ಚಿಮ್ಮಿತು.

ಆಗ ಹೊರಟ. ಹೆಪ್ಪು ಕಲ್ಲಾಗಿತ್ತು. ಸಪೂರ ಹಲಗೆಗಳು ತಮ್ಮ ಹಿಮವನ್ನು ಮರಳಿ ಪಡೆದವು. ಇಡೀ ದಿನ ದಾಟಲಾಗದ ಬಯಲನ್ನು ಅವನು ಒಂದು ಕೀರ್ತನೆ ಹಾಡಿ ಮುಗಿಸುವಷ್ಟರಲ್ಲಿ ದಾಟಿದ. ಹುಲ್ದಾ ಕುಸಿದ ಜಾಗ, ತೆವಳಿದ ಜಾಗ, ಚೀಲ ಎಳೆದ ಗೀರು, ಎಲ್ಲವೂ ಗಾಜಿನಲ್ಲಿ ಕೊರೆದಂತೆ ಗಟ್ಟಿಯಾಗಿ ನಿಂತಿದ್ದವು. ಅವುಗಳ ಪಕ್ಕದಲ್ಲೇ ಹೋದ, ಒಂದನ್ನೂ ತುಳಿಯಲಿಲ್ಲ.

ಅಂಗಳ ಮುಟ್ಟಿದಾಗ ಆಕಾಶದಲ್ಲಿ ಇನ್ನೂ ಹಳದಿ ಬೆಳಕಿತ್ತು. ಸೌನಾದ ಚಿಮಣಿಯಲ್ಲಿ ಹೊಗೆ ತೆಳ್ಳಗಾಗಿತ್ತು. ಒಳಗಿನಿಂದ ಯಾವ ಸದ್ದೂ ಇಲ್ಲ. ಅಳುವೂ ಇಲ್ಲ, ಮಾತೂ ಇಲ್ಲ. ಹೋದ ಸಲವೂ ಹೀಗೆಯೇ ಸದ್ದಿರಲಿಲ್ಲ. ಈಸಾಕ್ಕಿ ಹಲಗೆ ಬಿಚ್ಚಿದ, ಬಾಗಿಲ ತನಕ ಹೋದ, ಹಿಡಿಗೆ ಕೈಯಿಟ್ಟ. ಕೈ ಅಲ್ಲೇ ನಿಂತಿತು. ಒಳಗೆ ಇರುವುದು ಇದ್ದೇ ಇದೆ, ತಾನು ತೆರೆಯುವುದರಿಂದ ಅದು ಬದಲಾಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಆದರೂ ತೆರೆಯಲಾಗಲಿಲ್ಲ. ಹಿಂದೆ ಸರಿದು ಅಂಗಳದ ನಡುವೆ ಟೋಪಿ ಕೈಯಲ್ಲಿ ಹಿಡಿದು ನಿಂತುಬಿಟ್ಟ.

ಬಾಗಿಲು ಒಳಗಿನಿಂದ ತೆರೆಯಿತು. ಹುಲ್ದಾ ಬಕೆಟ್ಟು ಹಿಡಿದು ಹೊರಗೆ ಬಂದಳು. ರವಿಕೆಯ ತೋಳು ಮೊಣಕೈವರೆಗೆ ಮಡಿಚಿತ್ತು, ಕೂದಲು ಹಣೆಗೆ ಅಂಟಿತ್ತು, ಬೆನ್ನ ಹಿಂದಿನಿಂದ ಹಬೆ ಬರುತ್ತಿತ್ತು. ಅವನನ್ನು ಕಂಡು ಬಕೆಟ್ಟು ಕೆಳಗಿಟ್ಟಳು.

"ಇದೇನು, ಅಂಗಳದಲ್ಲಿ ಕಂಬ ನೆಟ್ಟಿದಾರಾ?" ಎಂದಳು ತಗ್ಗಿದ ದನಿಯಲ್ಲಿ. "ಒಳಗೆ ಸೌದೆ ಮುಗಿದು ಎಷ್ಟು ಹೊತ್ತಾಯ್ತು. ಕೂಗೋ ಹಾಗೂ ಇಲ್ಲ, ಈಗ ತಾನೇ ಇಬ್ಬರಿಗೂ ನಿದ್ದೆ ಹತ್ತಿದೆ. ಒಣಗಿದ್ದು ತಗೊಂಡು ಬಾ. ಹಸಿ ಸೌದೆ ತಂದು ಆ ಹಸುಗೂಸಿನ ಕಣ್ಣಿಗೆ ಹೊಗೆ ಹಾಕಿದ್ಯೋ, ನೋಡು ಮತ್ತೆ."

ಈಸಾಕ್ಕಿ ಸೌದೆ ರಾಶಿಗೆ ಓಡಿದ. ಒಂದೊಂದನ್ನೂ ತಟ್ಟಿ, ಒಣಗಿದೆಯೇ ಎಂದು ಕೆನ್ನೆಗೆ ಒತ್ತಿ ನೋಡಿ ತೋಳಿಗೆ ಪೇರಿಸಿಕೊಂಡ. ಗಡ್ಡ ದಾಟಿ, ಮೂಗು ದಾಟಿ, ಕಣ್ಣು ಮರೆಯಾಗುವಷ್ಟು ಪೇರಿಸಿದ. ಆಮೇಲೆ ದಾರಿ ಕಾಣದೆ, ಒಂದು ತುಂಡೂ ಬಿದ್ದು ಸದ್ದಾಗಬಾರದೆಂದು, ಹೆಜ್ಜೆ ಎತ್ತದೆ ಕಾಲುಗಳನ್ನು ಮೆಲ್ಲಗೆ ಮುಂದಕ್ಕೆ ತಳ್ಳುತ್ತ ಬಾಗಿಲ ಕಡೆ ಬಂದ.